ಶಾಲೆಗೆ ಜೀವಂತ ಹದ್ದು ತರಿಸಬಹುದಾ?

ಓದುಗರ ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಮಿನ್ನೆಸೋಟಕ್ಕೆ ಹೋಗಿದ್ದೆ. ಅಲ್ಲಿನ ಒಂದು ಲೈಬ್ರರಿಯಲ್ಲಿ ಬೇಟೆ ಹಕ್ಕಿಗಳನ್ನು ಜೀವಂತವಾಗಿ ತಂದು ಮಕ್ಕಳಿಗೆ ತೋರಿಸಿದರು. ಒಂದು ದೊಡ್ಡ ಗೂಬೆ, ಒಂದು ಕೆಂಪು ಬಾಲದ ಗಿಡುಗ, ಕೊನೆಗೆ ಬಿಳಿ ತಲೆಯ ಬಾಲ್ಡ್ ಈಗಲ್. ಮಕ್ಕಳು ಪಿಟಿಕ್ ಎನ್ನದೆ ಕೂತು ನೋಡಿದರು, ನಾನೂ ಅಷ್ಟೇ. ಆದರೂ ಮನಸ್ಸಿಗೆ ಕಿರಿಕಿರಿ. ಹಕ್ಕಿಗಳ ಕಾಲಿಗೆ ಚರ್ಮದ ಪಟ್ಟಿ ಕಟ್ಟಿದ್ದರು. ಗಿಡುಗ ಎರಡು ಸಲ ಕೈಯಿಂದ ಧುಮುಕಿ ತಲೆಕೆಳಗಾಗಿ ನೇತಾಡಿತು. ಗೂಬೆ ಒಂದು ಕಾಲು ಮಡಿಚಿಕೊಂಡೇ ಇತ್ತು, ನೋವಿತ್ತೋ ಏನೋ. ಹೊಟ್ಟೆಗೆ ಕಡಿಮೆ ಹಾಕಿ ಪಳಗಿಸುತ್ತಾರೆ ಅಂತ ಮಗಳು ಹೇಳಿದಳು. ಅಷ್ಟು ಪ್ರೀತಿ ಇದ್ದರೆ ಬಿಟ್ಟುಬಿಡಬಹುದಲ್ವಾ?

ಇನ್ನೊಂದು ವಿಷಯ. ಅಕ್ಟೋಬರ್‌ನಲ್ಲಿ ವನ್ಯಜೀವಿ ಸಪ್ತಾಹಕ್ಕೆ ನಮ್ಮ ಶಾಲೆಯಲ್ಲೂ ಹೀಗೆ ಏನಾದರೂ ಮಾಡುವ ಆಸೆ. ಪಕ್ಕದ ಊರಿನವರೊಬ್ಬರು ಮರಿಯಿಂದ ಸಾಕಿದ ಹದ್ದು ಇದೆ, ತರುತ್ತೇನೆ, ಮಕ್ಕಳು ಮುಟ್ಟಿ ಫೋಟೊ ತೆಗೆಸಿಕೊಳ್ಳಬಹುದು ಎನ್ನುತ್ತಿದ್ದಾರೆ. ಹದ್ದು 40ನೇ ವಯಸ್ಸಿಗೆ ಕೊಕ್ಕು ಮುರಿದುಕೊಂಡು ಮರುಹುಟ್ಟು ಪಡೆಯುವ ಕಥೆಯನ್ನೂ ಹೇಳುತ್ತಾರಂತೆ. ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಗೂಬೆ ಮಾತ್ರ ಬೇಡ, ಪೋಷಕರು ಗಲಾಟೆ ಮಾಡುತ್ತಾರೆ ಎಂದಿದ್ದಾರೆ. ಏನು ಮಾಡಲಿ?

ಉತ್ತರ:

ಟೀಚರ್, ಆ ಹದ್ದನ್ನು ತರಿಸಬೇಡಿ. ಅಕ್ಟೋಬರ್ ದೂರ ಇಲ್ಲ, ಹಾಗಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಬೇಡ ಅನ್ನುವುದು ಸರಿಯಾಗಿ ಅರ್ಥವಾಗಬೇಕಾದರೆ ನೀವು ಮಿನ್ನೆಸೋಟದಲ್ಲಿ ಕಂಡದ್ದರಿಂದಲೇ ಶುರು ಮಾಡಬೇಕು. ನಾನು ಪಶುವೈದ್ಯ. ಗಾಯಗೊಂಡ ಕಾಡುಹಕ್ಕಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಆ ಕೆಲಸ ಅಂದರೆ ಹೆಚ್ಚಾಗಿ ಹದ್ದುಗಳೇ.

ಗೂಬೆ ಕಾಲು ಮಡಿಚಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಲಕ್ಷಣ. ಬೇಟೆ ಹಕ್ಕಿ ನೆಮ್ಮದಿಯಾಗಿದ್ದಾಗ ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಸೇರಿಸಿಕೊಂಡು ನಿಲ್ಲುತ್ತದೆ. ಹೆದರಿದ ಹಕ್ಕಿಗೆ ಆ ಧೈರ್ಯ ಬರುವುದಿಲ್ಲ. ಎರಡೂ ಕಾಲು ಊರಿ, ಗರಿಗಳನ್ನು ಮೈಗೆ ಒತ್ತಿಕೊಂಡು, ಸಣಕಲಾಗಿ ಕಾಣುತ್ತದೆ. ಸೆಖೆ ಇಲ್ಲದಿದ್ದರೂ ಬಾಯಿ ತೆರೆದು ಏದುಸಿರು ಬಿಡುತ್ತದೆ. ನೆಮ್ಮದಿಯ ಹಕ್ಕಿ ಇದಕ್ಕೆ ಉಲ್ಟಾ. ಗರಿ ಸಡಿಲ ಬಿಟ್ಟು ಉಬ್ಬಿಕೊಂಡಿರುತ್ತದೆ, ನಡುನಡುವೆ ಮೈಯೆಲ್ಲ ಒಮ್ಮೆ ಜಾಡಿಸಿ ಕೊಡವಿಕೊಳ್ಳುತ್ತದೆ, ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತದೆ. ಜನರ ಮುಂದೆ ಗರಿ ತೀಡುವ ಹಕ್ಕಿಗೆ ಆ ಜನರ ಭಯ ಅಷ್ಟಾಗಿ ಇಲ್ಲ ಅಂತಲೇ ಲೆಕ್ಕ. ನಿಜವಾಗಿ ಕಾಲು ನೋಯುವ ಹಕ್ಕಿಯೂ ಕಾಲೆತ್ತುತ್ತದೆ, ಸುಳ್ಳಲ್ಲ. ಆದರೆ ಕೈಯಿಂದ ಕೂರುವ ಕಟ್ಟೆಗೆ ದಾಟಿಸುವಾಗ ಆ ಕಾಲಿಗೆ ಭಾರ ಕೊಡದೆ ತಡವರಿಸುವುದು ಎದ್ದು ಕಾಣುತ್ತದೆ.

ಗೂಬೆಗಳಲ್ಲಿ ಒಂದು ಮೋಸ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕಣ್ಣು ಅರೆಮುಚ್ಚಿ, ಮೈ ಉದ್ದ ಮಾಡಿ, ಕಡ್ಡಿಯ ಹಾಗೆ ನಿಂತ ಗೂಬೆಯನ್ನು ನೋಡಿ ಎಷ್ಟು ಶಾಂತವಾಗಿದೆ ಅಂತಾರೆ. ಎಷ್ಟೋ ಸಲ ಅದು ಶಾಂತಿಯಲ್ಲ. ಅಪಾಯ ಕಂಡಾಗ ಮರದ ತುಂಡಿನಂತೆ ಕಾಣಲು ಗೂಬೆ ಮಾಡುವ ಉಪಾಯವೇ ಅದು.

ಗಿಡುಗ ಧುಮುಕಿದ್ದು ಹಾರಿಹೋಗುವ ಪ್ರಯತ್ನ. ಕೈಮೇಲೆ ಕೂರುವ ಹಕ್ಕಿಗಳೆಲ್ಲ ಒಂದಲ್ಲ ಒಂದು ದಿನ ಹಾಗೆ ಮಾಡುತ್ತವೆ. ಬಾಗಿಲು ದಡಾರನೆ ಬಡಿದರೂ ಸಾಕು, ಮಗು ಓಡಿದರೂ ಸಾಕು. ಒಂದೆರಡು ಸಲ ಆದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಹಿಡಿದವರು ಆಮೇಲೆ ಏನು ಮಾಡಿದರು ಅನ್ನುವುದನ್ನು ನೋಡಬೇಕು. ಎದೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಎತ್ತಿ ಕೂರಿಸಿ, ಜನರಿಂದ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಅದೇ ಆದರೆ ಪೆಟ್ಟಿಗೆಗೆ ವಾಪಸ್ ಬಿಟ್ಟರೆ ಅವರು ಕೆಲಸ ಬಲ್ಲವರು. ಜನ ದುಡ್ಡು ಕೊಟ್ಟು ಬಂದಿದ್ದಾರೆ ಅಂತ ಮತ್ತೆ ಮತ್ತೆ ಎತ್ತಿ ನಿಲ್ಲಿಸುವವರು ಬಲ್ಲವರಲ್ಲ. ಕಾಲಿನ ಪಟ್ಟಿ ಕೂಡ ಹಾಗೇ. ಅಗಲವಾದ ಮೆತ್ತನೆಯ ಚರ್ಮದ ಬಳೆ, ಅದರಿಂದ ಇಳಿಬಿಟ್ಟ ಎರಡು ಪಟ್ಟಿ, ಅವು ಹಿಡಿದವರ ಬೆರಳ ಸಂದಿಯಲ್ಲಿ. ಅದಿಲ್ಲದೆ ಒಂದು ಗಿಡುಗವನ್ನು ಲೈಬ್ರರಿಯೊಳಗೆ ತಂದರೆ ಅದು ನೇರ ಕಿಟಕಿ ಗಾಜಿಗೆ ಹೋಗಿ ಬಡಿಯುತ್ತದೆ.

ನಾನಾಗಿದ್ದರೆ ಪಟ್ಟಿಗಿಂತ ಪಾದ ನೋಡುತ್ತಿದ್ದೆ. ಹಿಡಿದಿಟ್ಟ ಬೇಟೆ ಹಕ್ಕಿಯ ನಿಜವಾದ ಕಷ್ಟ ಇರುವುದು ಅಂಗಾಲಿನಲ್ಲಿ. ಕಾಡಿನಲ್ಲಿ ದಪ್ಪ ಕೊಂಬೆ, ತೆಳು ಕೊಂಬೆ, ಬಂಡೆ ಅಂತ ಜಾಗ ಬದಲಾಗುತ್ತಿರುತ್ತದೆ. ಇಲ್ಲಿ ದಿನವಿಡೀ ಒಂದೇ ಕಂಬಿ. ಅದು ಗಟ್ಟಿಯಾಗಿ, ನುಣುಪಾಗಿ ಇದ್ದರೆ ಅಂಗಾಲಿನ ಚರ್ಮ ಮೊದಲು ಹೊಳಪಾಗುತ್ತದೆ, ಅಲ್ಲಿನ ಸಣ್ಣ ಸಣ್ಣ ಬೊಕ್ಕೆಗಳು ಸವೆದು ಹೋಗುತ್ತವೆ, ಆಮೇಲೆ ಕೆಂಪಾಗಿ ಊದುತ್ತದೆ, ಕೊನೆಗೆ ಕೀವು. ಬಂಬಲ್‌ಫೂಟ್ ಅನ್ನುತ್ತೇವೆ. ಸೋಂಕು ಮೂಳೆಗೆ ಇಳಿದರೆ ಹಕ್ಕಿ ಉಳಿಯುವುದು ಕಷ್ಟ. ಒಳ್ಳೆಯ ಕೇಂದ್ರಗಳಲ್ಲಿ ಕೂರುವ ಕಟ್ಟೆಗೆ ಹುಲ್ಲುಹಾಸಿನಂಥ ಪ್ಲಾಸ್ಟಿಕ್ ಮ್ಯಾಟ್ ಸುತ್ತಿರುತ್ತಾರೆ, ಅಂಗಾಲನ್ನು ಆಗಾಗ ತಿರುಗಿಸಿ ಪರೀಕ್ಷಿಸುತ್ತಾರೆ.

ಇನ್ನು ಹೊಟ್ಟೆಯ ವಿಷಯ. ನಿಮ್ಮ ಮಗಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಾರಿಸಿ ವಾಪಸ್ ಕರೆಯುವ ಪ್ರದರ್ಶನಗಳಲ್ಲಿ ಹಕ್ಕಿಯ ತೂಕವನ್ನು ದಿನಾ ಗ್ರಾಂ ಲೆಕ್ಕದಲ್ಲಿ ನೋಡುತ್ತಾರೆ, ಕಾರ್ಯಕ್ರಮದ ಹೊತ್ತಿಗೆ ಅದಕ್ಕೆ ಹಸಿವಿರುವ ಹಾಗೆ ನೋಡಿಕೊಳ್ಳುತ್ತಾರೆ. ಕೆಲಸ ಗೊತ್ತಿರುವವರ ಕೈಯಲ್ಲಿ ಇದು ಊಟಕ್ಕೆ ಮುಂಚಿನ ಹಸಿವು, ಅಷ್ಟೇ. ಗೊತ್ತಿಲ್ಲದವರ ಕೈಯಲ್ಲಿ ಅದೇ ಉಪವಾಸ ಆಗುತ್ತದೆ, ಎದೆಮೂಳೆ ಚಾಕುವಿನ ಅಲಗಿನ ಹಾಗೆ ಕೈಗೆ ಸಿಗುತ್ತದೆ. ನೀವು ಕಂಡಂತೆ ಸುಮ್ನೆ ಕೈಮೇಲೆ ಕೂರುವ ಹಕ್ಕಿಯನ್ನು ಅಷ್ಟು ಹಸಿವಿನಲ್ಲಿ ಇಡುವ ಅಗತ್ಯವೇ ಇಲ್ಲ. ಹಾಗಂತ ಅದು ಹಿಡಿದವರನ್ನು ಪ್ರೀತಿಸುತ್ತದೆ ಅಂತಲೂ ಅಲ್ಲ. ಬೇಟೆ ಹಕ್ಕಿಗಳು ಹೆಚ್ಚಿನವು ಒಂಟಿ ಜೀವಿಗಳು, ನಾಯಿಯ ಹಾಗೆ ಯಜಮಾನನನ್ನು ಒಪ್ಪಿಕೊಳ್ಳುವ ಸ್ವಭಾವ ಅವಕ್ಕಿಲ್ಲ. ಈ ಮನುಷ್ಯನಿಂದ ಅಪಾಯ ಇಲ್ಲ, ಊಟ ಬರುತ್ತದೆ ಅನ್ನುವಷ್ಟು ನಂಬಿಕೆ ಹುಟ್ಟಿದರೆ ಅದೇ ಜಾಸ್ತಿ.

ಬಿಟ್ಟುಬಿಡಬಹುದಲ್ವಾ ಎಂದು ಕೇಳಿದ್ದೀರಿ. ಬಿಡಲು ಆಗುವುದನ್ನು ಅಲ್ಲಿ ಬಿಡಲೇಬೇಕು, ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ವಲಸೆ ಹಕ್ಕಿಗಳ ಕಾಯ್ದೆ 1918ರಿಂದ ಇದೆ, ಈಗಲ್‌ಗಳಿಗೆ 1940ರಿಂದ ಪ್ರತ್ಯೇಕ ಕಾಯ್ದೆ. ದಾರಿಯಲ್ಲಿ ಬಿದ್ದ ಬಾಲ್ಡ್ ಈಗಲ್‌ನ ಒಂದು ಗರಿಯನ್ನು ಸುಮ್ನೆ ಎತ್ತಿ ಮನೆಗೆ ಒಯ್ಯುವುದೂ ಅಪರಾಧ. ಶಿಕ್ಷಣಕ್ಕೆಂದು ಹಕ್ಕಿ ಇಟ್ಟುಕೊಳ್ಳಲು ಕೇಂದ್ರ ಸರ್ಕಾರದ ಇಲಾಖೆಯಿಂದ ಬೇರೆಯೇ ಪರವಾನಗಿ ಬೇಕು. ಅಲ್ಲಿನ ಕೆಲವು ಹಕ್ಕಿಗಳು ಸೆರೆಯಲ್ಲೇ ಹುಟ್ಟಿದವು. ಉಳಿದವು ಹೆಚ್ಚಾಗಿ ಗಾಯ ಮಾಸಿದರೂ ಕಾಡಿನಲ್ಲಿ ಬದುಕಲಾರದವು. ಕಾರಿಗೆ ಬಡಿದು ರೆಕ್ಕೆಯ ಮಣಿಗಂಟು ಮುರಿದಿರುತ್ತದೆ. ಕೀಲಿನ ಹತ್ತಿರದ ಮುರಿತ ಕೂಡಿದರೂ ಬಿಗಿದುಕೊಳ್ಳುತ್ತದೆ, ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ಜಿಂಕೆ ಬೇಟೆಗಾರರು ಬಿಟ್ಟುಹೋದ ಕರುಳಿನಲ್ಲಿ ಸೀಸದ ಗುಂಡಿನ ಚೂರು ಇರುತ್ತದೆ. ಅದನ್ನು ತಿಂದ ಈಗಲ್‌ಗಳ ನರಕ್ಕೆ ಪೆಟ್ಟಾಗುತ್ತದೆ, ಬಹಳಷ್ಟು ಸಾಯುತ್ತವೆ. ಸೇಂಟ್ ಪಾಲ್‌ನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ರ‍್ಯಾಪ್ಟರ್ ಸೆಂಟರ್ 1974ರಿಂದ ಇಂಥ ಹಕ್ಕಿಗಳ ಚಿಕಿತ್ಸೆ ಮಾಡುತ್ತಾ ಬಂದಿದೆ. ನಮ್ಮ ಕಸುಬಿನವರಿಗೆ ಅದು ದೊಡ್ಡ ಹೆಸರು.

ಇಲ್ಲಿ ಒಂದು ಕಹಿ ಮಾತು ಹೇಳಬೇಕು. ಬಿಡಲಾಗದ ಹಕ್ಕಿಗಳೆಲ್ಲ ಶಿಕ್ಷಣದ ಹಕ್ಕಿಗಳಾಗುವುದಿಲ್ಲ. ಆಗುವುದು ಸ್ವಲ್ಪ ಮಾತ್ರ. ತಾನಾಗಿ ತಿನ್ನಲಾರದ, ನೆಟ್ಟಗೆ ಕೂರಲಾರದ, ಪೂರ್ತಿ ಕುರುಡಾದ, ಕಾಲನ್ನೋ ಮೊಣಕೈಯಿಂದ ರೆಕ್ಕೆಯನ್ನೋ ಕತ್ತರಿಸಬೇಕಾದ ಹಕ್ಕಿಗೆ ದಯಾಮರಣ ಕೊಡಬೇಕು ಅಂತ ಅಲ್ಲಿನ ನಿಯಮವೇ ಹೇಳುತ್ತದೆ, ವಿಶೇಷ ಅನುಮತಿ ಇದ್ದರೆ ಮಾತ್ರ ವಿನಾಯಿತಿ. ಉಳಿದವುಗಳಲ್ಲೂ ಜನರನ್ನು ಕಂಡರೆ ದಿನಾ ಹೆದರಿ ಗೋಡೆಗೆ ಬಡಿದುಕೊಳ್ಳುವ ಹಕ್ಕಿಯನ್ನು ಕಾರ್ಯಕ್ರಮಕ್ಕೆ ಒಯ್ಯುವುದಿಲ್ಲ. ನಮ್ಮಲ್ಲಿ ದಯಾಮರಣಕ್ಕೆ ಮನಸ್ಸು ಒಪ್ಪುವುದಿಲ್ಲ, ಹೇಗೋ ಬದುಕಲಿ ಅಂತೇವೆ. ಒಂದೇ ರೆಕ್ಕೆಯ ಹದ್ದು ಪಂಜರದ ಮೂಲೆಯಲ್ಲಿ ನೆಲದ ಮೇಲೇ ವರ್ಷಗಟ್ಟಲೆ ಕೂತಿರುವುದನ್ನು ನೋಡಿದ ಮೇಲೆ ನನಗಂತೂ ಅಮೆರಿಕದ ನಿಯಮ ಕ್ರೂರ ಅನ್ನಿಸುವುದಿಲ್ಲ.

ಹಾಗಾಗಿ ನೀವು ನೋಡಿದ ಕಾರ್ಯಕ್ರಮ ಒಳ್ಳೆಯದಾ ಕೆಟ್ಟದ್ದಾ ಅಂತ ತೂಗಲು ನಾನು ಕೇಳುವ ಪ್ರಶ್ನೆಗಳು ಕೆಲವೇ. ಈ ಹಕ್ಕಿ ಇಲ್ಲಿ ಯಾಕಿದೆ ಅಂತ ಅವರಾಗಿಯೇ ಹೇಳಿದರಾ? ಮಕ್ಕಳು ದೂರದಲ್ಲೇ ಕೂತಿದ್ದರಾ? ಯಾರೂ ಮುಟ್ಟಲಿಲ್ಲ ತಾನೇ? ಹಕ್ಕಿಗೆ ಸಾಕಾಗಿದೆ ಅನ್ನಿಸಿದಾಗ ಒಳಗೆ ಒಯ್ದರಾ? ನಾಲ್ಕಕ್ಕೂ ಹೌದು ಅಂತಾದರೆ ಕಿರಿಕಿರಿ ಬಿಟ್ಟುಬಿಡಿ. 2022ರಲ್ಲಿ ಅಮೆರಿಕದಲ್ಲಿ ಹಕ್ಕಿಜ್ವರ ಹಬ್ಬಿ ಬಾಲ್ಡ್ ಈಗಲ್‌ಗಳೂ ಸತ್ತಾಗ ಹಲವು ಕೇಂದ್ರಗಳು ಹಕ್ಕಿಗಳನ್ನು ಹೊರಗೆ ಒಯ್ಯುವುದನ್ನೇ ನಿಲ್ಲಿಸಿದವು. ವರಮಾನ ಹೋದರೂ ಹಕ್ಕಿ ಮೊದಲು ಅಂದರು. ನನಗೆ ಇಷ್ಟವಾಗುವುದು ಅದೇ.

ಈಗ ನಿಮ್ಮ ಪಕ್ಕದ ಊರಿನ ಹದ್ದಿಗೆ ಬರೋಣ. ಇದೇ ಪ್ರಶ್ನೆಗಳನ್ನು ಅಲ್ಲಿ ಕೇಳಿ. ಈ ಹಕ್ಕಿ ಇಲ್ಲಿ ಯಾಕಿದೆ? ಯಾರೋ ಮರಿಯನ್ನು ಎತ್ತಿಕೊಂಡು ಬಂದರು, ಅದಕ್ಕೆ. ಬೇರೆ ಕಾರಣ ಇಲ್ಲ.

ನಮ್ಮ ಹದ್ದು, ಗರುಡ, ಗಿಡುಗ, ಗೂಬೆ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಬೇಟೆಯೇ. ಗಾಯವಾಗಿ ಸಿಕ್ಕಿದ್ದೇ ಆದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಹದ್ದು ಊರ ತುಂಬಾ ಇದೆ, ಕೋಳಿ ಅಂಗಡಿ ಮೇಲೆ ನೂರಾರು ಸುತ್ತುತ್ತವೆ, ಅದಕ್ಕೇನು ಕಾನೂನು ಅಂತ ಜನ ಅಂದುಕೊಂಡಿದ್ದಾರೆ. ಜಾಸ್ತಿ ಇದೆ ಅನ್ನುವುದು ಕಾನೂನಿಗೆ ಸಂಬಂಧ ಇಲ್ಲದ ಮಾತು. ಕೆಲವರು ವಿದೇಶಿ ಗೂಬೆ ಸಾಕಿಕೊಂಡು ಇದಕ್ಕೆ ನಮ್ಮ ಕಾಯ್ದೆ ತಾಗುವುದಿಲ್ಲ ಅನ್ನುತ್ತಾರೆ. 2022ರ ತಿದ್ದುಪಡಿಯ ನಂತರ ಅದಕ್ಕೂ ನೋಂದಣಿ ಬೇಕು, ಹಾಗಾಗಿ ಆ ದಾರಿಯನ್ನೂ ಹಿಡಿಯಬೇಡಿ. ಶಾಲೆಯ ಅಂಗಳದಲ್ಲಿ, ಅದೂ ವನ್ಯಜೀವಿ ಸಪ್ತಾಹದ ದಿನ, ಮಕ್ಕಳು ಹದ್ದಿನ ಜೊತೆ ನಿಂತ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದರೆ ಉತ್ತರ ಕೊಡಬೇಕಾದವರು ನಿಮ್ಮ ಹೆಡ್‌ಮಾಸ್ಟರ್.

ಕಾನೂನು ಹಾಗಿರಲಿ. ಮರಿಯಿಂದ ಸಾಕಿದ ಹದ್ದು ನನ್ನ ಮೇಜಿಗೆ ಬಂದಾಗ ಏನು ಕಾಣುತ್ತದೆ ಹೇಳುತ್ತೇನೆ. ಬಾಲದ ಗರಿಗಳ ತುದಿ ಪಂಜರದ ಜಾಲರಿಗೆ ಉಜ್ಜಿ ಹಳೆ ಪೊರಕೆಯಂತಾಗಿರುತ್ತದೆ. ಕಾಲುಗಳು ಬಿಲ್ಲಿನಂತೆ ಬಾಗಿರುತ್ತವೆ. ಎಕ್ಸ್‌ರೇ ತೆಗೆದರೆ ಮೂಳೆ ಬಿಳಿಯಾಗಿ ಕಾಣಬೇಕು, ಇಲ್ಲಿ ಹೊಗೆಯಂತೆ ಮಾಸಲು, ಅಲ್ಲಲ್ಲಿ ಮಡಚಿದ ಗುರುತು. ಕಾರಣ ಊಟ. ಕಾಡಿನ ಮರಿಗೆ ತಾಯಿ ಇಲಿ, ಓತಿಕ್ಯಾತ, ಮೀನು ತಂದು ಮೂಳೆ ಸಮೇತ ತಿನ್ನಿಸುತ್ತದೆ. ಮನೆಯಲ್ಲಿ ಪ್ರೀತಿಯಿಂದ ಮೂಳೆ ತೆಗೆದು, ಕೋಳಿ ಮಾಂಸವನ್ನು ಸಣ್ಣಗೆ ಹೆಚ್ಚಿ ಕೊಡುತ್ತಾರೆ. ಹಾಲು, ಬ್ರೆಡ್ಡು ಕೊಟ್ಟವರೂ ಇದ್ದಾರೆ. ಬರೀ ಮಾಂಸದಲ್ಲಿ ರಂಜಕ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ಬೆಳೆಯುವ ಮರಿ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಆದ ಈ ಕೆಡುಕನ್ನು ಆಮೇಲೆ ಯಾವ ಔಷಧಿಯೂ ಪೂರ್ತಿ ಸರಿಮಾಡುವುದಿಲ್ಲ.

ಮನಸ್ಸಿನ ಕೆಡುಕು ಇನ್ನೂ ಗಟ್ಟಿ. ಮರಿ ಹಕ್ಕಿ ಮೊದಲ ವಾರಗಳಲ್ಲಿ ತನಗೆ ಉಣಿಸುವವರನ್ನು ನೋಡಿ ತಾನು ಯಾರು ಅಂತ ಕಲಿಯುತ್ತದೆ. ಮನುಷ್ಯ ಉಣಿಸಿದರೆ ಮನುಷ್ಯನೇ ತನ್ನ ಜಾತಿ. ಅಂಥ ಹದ್ದು ಬೆಳೆದ ಮೇಲೂ ಜನರನ್ನು ಕಂಡರೆ ಊಟಕ್ಕೆ ಕಿರುಚುತ್ತದೆ. ಜೊತೆ ಹುಡುಕುವ ಕಾಲ ಬಂದಾಗ ಮನುಷ್ಯನ ಮೇಲೇ ಎರಗಬಹುದು, ಹೆದರಿಕೆಯೇ ಇಲ್ಲದ ಕಾರಣ ಮುಖಕ್ಕೇ ಬರುತ್ತದೆ. ಸಾಧು ಹಕ್ಕಿ, ಮುಟ್ಟಬಹುದು ಅಂತ ನಿಮ್ಮ ಊರಿನವರು ಹೇಳುತ್ತಿರುವುದು ಇದನ್ನೇ. ಒಳ್ಳೆಯ ಪುನರ್ವಸತಿ ಕೇಂದ್ರಗಳಲ್ಲಿ ಮರಿಗೆ ಊಟ ಕೊಡುವಾಗ ಮುಖ ಕಾಣದಂತೆ ಮುಚ್ಚಿಕೊಳ್ಳುತ್ತಾರೆ, ಕೈಗೆ ಹಕ್ಕಿ ತಲೆಯ ಗೊಂಬೆ ಹಾಕಿಕೊಳ್ಳುತ್ತಾರೆ, ಸಾಧ್ಯವಾದರೆ ದೊಡ್ಡ ಹದ್ದಿನ ಜೊತೆಯಲ್ಲೇ ಬೆಳೆಸುತ್ತಾರೆ. ಮಕ್ಕಳು ಮುಟ್ಟಿದರೆ ಉಗುರಿನ ಗಾಯ ಒಂದು ಅಪಾಯ, ಸಾಲ್ಮೊನೆಲ್ಲಾದಂಥ ಹೊಟ್ಟೆ ಸೋಂಕು ಇನ್ನೊಂದು.

ಅವರನ್ನು ಕಳ್ಳ ಅಂತ ಕರೆಯಬೇಡಿ. ಹೆಚ್ಚಿನವರು ಮರದಿಂದ ಬಿದ್ದ ಮರಿಯನ್ನು ಪಾಪ ಅಂತ ಎತ್ತಿಕೊಂಡವರೇ. ಆದರೆ ಕಾರ್ಯಕ್ರಮ ರದ್ದು ಮಾಡಿ ಸುಮ್ಮನಾಗುವುದೂ ಸರಿಯಲ್ಲ, ಹಕ್ಕಿ ಹಾಗೇ ಉಳಿದುಬಿಡುತ್ತದೆ. ಮೂರು ದಾರಿ ಇವೆ. ಅವರೇ ಅರಣ್ಯ ಇಲಾಖೆಗೆ ಒಪ್ಪಿಸುವುದು ಎಲ್ಲಕ್ಕಿಂತ ಒಳ್ಳೆಯದು. ತಾನಾಗಿ ಬಂದವರನ್ನು ಅಧಿಕಾರಿಗಳು ನೋಡುವ ರೀತಿ ಬೇರೆ ಇರುತ್ತದೆ, ಆದರೂ ಕೇಸ್ ಆಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಅವರು ಒಪ್ಪದಿದ್ದರೆ ನೀವೇ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಬಹುದು. ಊರಿನಲ್ಲಿ ಮನಸ್ತಾಪ ಆಗಬಹುದು, ಅದು ನಿಮಗೆ ಗೊತ್ತಿರುವ ಲೆಕ್ಕ. ಮೂರನೆಯದು, ಭಯ ಬಿದ್ದು ರಾತ್ರೋರಾತ್ರಿ ಹೊಲದಲ್ಲಿ ಬಿಟ್ಟುಬಿಡುವುದು. ಇದನ್ನು ಮಾತ್ರ ಮಾಡಿಸಬೇಡಿ. ಆ ಹದ್ದಿಗೆ ಊಟ ಹುಡುಕಲು ಬರುವುದಿಲ್ಲ, ಮನುಷ್ಯರ ಹತ್ತಿರವೇ ಇಳಿಯುತ್ತದೆ, ನಾಯಿ ಬಾಯಿಗೋ ಕಲ್ಲಿನೇಟಿಗೋ ಹೋಗುತ್ತದೆ. ಬೆಂಗಳೂರಿನ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್, ಪೀಪಲ್ ಫಾರ್ ಅನಿಮಲ್ಸ್‌ನಂಥ ಕಡೆ ಇಂಥ ಹಕ್ಕಿಗಳನ್ನು ನೋಡುವ ಅನುಭವ ಇದೆ. ಎಲ್ಲಿಗೆ ಕಳಿಸಬೇಕು ಅಂತ ಇಲಾಖೆಯವರನ್ನೇ ಕೇಳಿ.

40ನೇ ವಯಸ್ಸಿನ ಕಥೆ ಪೂರ್ತಿ ಬುರುಡೆ. ಕೊಕ್ಕು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ತಿನ್ನುವಾಗ, ಉಜ್ಜುವಾಗ ಸವೆಯುತ್ತಲೇ ಇರುತ್ತದೆ. ಕಥೆಯಲ್ಲಿ ಹೇಳುವ ಹಾಗೆ ಕೊಕ್ಕನ್ನು ಬಂಡೆಗೆ ಕುಟ್ಟಿ ಬುಡಸಮೇತ ಕಿತ್ತುಕೊಂಡ ಹಕ್ಕಿ ಐದು ತಿಂಗಳು ಗುಹೆಯಲ್ಲಿ ಕೂರುವುದಿಲ್ಲ, ಕೆಲವೇ ದಿನದಲ್ಲಿ ಹಸಿವಿನಿಂದ ಸಾಯುತ್ತದೆ. ಗರಿಗಳೂ ಕಾಲಕಾಲಕ್ಕೆ ತಾವಾಗಿ ಉದುರಿ ಹೊಸದು ಬರುತ್ತವೆ, ಕೀಳಬೇಕಾಗಿಲ್ಲ. ಕಾಡಿನ ಬಾಲ್ಡ್ ಈಗಲ್‌ಗಳಲ್ಲಿ ದಾಖಲೆಯ ಅತಿ ಹೆಚ್ಚು ವಯಸ್ಸೇ 38. ಮೋಟಿವೇಶನ್ ಭಾಷಣಕಾರರು ಎಲ್ಲಿಂದ ತಂದರೋ, ವಿಜ್ಞಾನದ ಟೀಚರ್ ಇರುವ ಶಾಲೆಯಲ್ಲಿ ಇದು ಬೇಡ. ಮಕ್ಕಳಿಗೆ ಹದ್ದಿನ ಬಗ್ಗೆ ನಿಜವಾದ ಬೆರಗು ಬೇಕಿದ್ದರೆ ಸಿನಿಮಾದಲ್ಲಿ ಬಾಲ್ಡ್ ಈಗಲ್ ಕೂಗುವಾಗ ಹೆಚ್ಚಾಗಿ ಕೇಳಿಸುವುದು ನೀವು ನೋಡಿದ ಕೆಂಪು ಬಾಲದ ಗಿಡುಗದ ದನಿ ಅಂತ ಹೇಳಿ. ಈಗಲ್‌ನ ದನಿ ಅದರ ಗಾತ್ರಕ್ಕೆ ಹೊಂದದಷ್ಟು ಕೀಚಲು.

ಹಾಗಾದರೆ ಜೀವಂತ ಹಕ್ಕಿ ಇಲ್ಲದೆ ಪಾಠ ಸಪ್ಪೆ ಆಗುವುದಿಲ್ವಾ ಅಂತ ನೀವು ಕೇಳಬಹುದು. ಕೈಮೇಲೆ ಕೂತ ಹಕ್ಕಿ ಎಲ್ಲರ ಬಾಯಿ ಮುಚ್ಚಿಸುತ್ತದೆ, ಅದರ ಶಕ್ತಿ ನನಗೂ ಗೊತ್ತು. ಆದರೆ ಹಿಡಿದವರು ಬಾಯಲ್ಲಿ ಏನೇ ಹೇಳಲಿ, ಮಕ್ಕಳ ಕಣ್ಣಿಗೆ ಕಾಣುವುದು ಹಕ್ಕಿ ಹಿಡಿದ ಒಬ್ಬ ಮನುಷ್ಯ. ಇದನ್ನು ಸಾಕಬಹುದು ಅನ್ನುವುದೇ ಮೊದಲು ತಲೆಗೆ ಹೋಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ಕೇಳುವ ಮೊದಲ ಪ್ರಶ್ನೆ ಎಲ್ಲಿ ಸಿಗುತ್ತೆ, ಎಷ್ಟು ದುಡ್ಡು ಅಂತ. ಅಮೆರಿಕದಲ್ಲಿ ಕಟ್ಟುನಿಟ್ಟಿನ ಪರವಾನಗಿ ಇರುವುದರಿಂದ ಆ ಆಸೆ ಅಲ್ಲೇ ನಿಲ್ಲಬಹುದು. ನಮ್ಮಲ್ಲಿ ಮರಕ್ಕೆ ಏಣಿ ಹಾಕಿದರೆ ಮರಿ ಸಿಗುತ್ತದೆ.

ಒಂದೂ ಹಕ್ಕಿಯನ್ನು ಕೈಮೇಲೆ ಕೂರಿಸದೆ ನಡೆದ ದೊಡ್ಡ ಕೆಲಸ ನಮ್ಮ ದೇಶದಲ್ಲೇ ಇದೆ. ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಪಾಂಗ್ಟಿ ಊರಿನ ಹತ್ತಿರ ದೊಯಾಂಗ್ ಜಲಾಶಯ ಇದೆ. ಸೈಬೀರಿಯಾ ಕಡೆಯಿಂದ ಆಫ್ರಿಕಾಕ್ಕೆ ಹೋಗುವ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆ ಹಕ್ಕಿಗಳು ಅಕ್ಟೋಬರ್ ಹೊತ್ತಿಗೆ ಅಲ್ಲಿ ಲಕ್ಷಗಟ್ಟಲೆ ಇಳಿಯುತ್ತವೆ. 2012ರಲ್ಲಿ ಅವನ್ನು ಬಲೆ ಹಾಕಿ ಸಾವಿರ ಸಾವಿರ ಕೊಲ್ಲುತ್ತಿದ್ದುದನ್ನು ಒಂದು ತಂಡ ದಾಖಲಿಸಿತು, ಅದರಲ್ಲಿ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ರಾಮ್ಕಿ ಶ್ರೀನಿವಾಸನ್ ಕೂಡ ಇದ್ದರು. ಆಮೇಲೆ ಊರ ಮುಖಂಡರು, ಚರ್ಚ್‌ಗಳು, ಸಂಘಸಂಸ್ಥೆಗಳು, ಅರಣ್ಯ ಇಲಾಖೆ ಎಲ್ಲ ಸೇರಿದರು, ಮಕ್ಕಳಿಗೆ ಇಕೋ ಕ್ಲಬ್‌ಗಳಾದವು. 2013ರ ಹಂಗಾಮಿನಲ್ಲಿ ಅಲ್ಲಿ ಬಲೆ ಬೀಳಲಿಲ್ಲ. ಅದೇ ವರ್ಷ ಮೂರು ಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಹಾಕಿ ನಾಗಾ, ವೋಖಾ, ಪಾಂಗ್ಟಿ ಅಂತ ಹೆಸರಿಟ್ಟರು. ತಮ್ಮೂರ ಹೆಸರಿನ ಹಕ್ಕಿ ಅರಬ್ಬಿ ಸಮುದ್ರ ದಾಟುತ್ತಿದೆ ಅಂತ ಮಕ್ಕಳು ನಕ್ಷೆಯಲ್ಲಿ ನೋಡಿದ್ದಕ್ಕಿಂತ ಒಳ್ಳೆಯ ಪಾಠ ಯಾವ ಕೈಗವಸಿನ ಮೇಲೂ ಕೂರುವುದಿಲ್ಲ.

ನಿಮ್ಮ ಶಾಲೆಗೆ ಬರೋಣ. ಹದ್ದು ನಿಮ್ಮ ತಲೆ ಮೇಲೇ ಇದೆ. 10 ನಿಮಿಷ ಅಂಗಳದಲ್ಲಿ ನಿಲ್ಲಿಸಿ ಒಂದೇ ಹಕ್ಕಿಯನ್ನು ನೋಡಲು ಹೇಳಿ. ರೆಕ್ಕೆ ಬಡಿಯದೆ ಹೇಗೆ ಮೇಲೇರುತ್ತದೆ, ಬಾಲವನ್ನು ಒಂದೊಂದು ಕಡೆಗೆ ಓರೆ ಮಾಡಿ ಹೇಗೆ ತಿರುಗುತ್ತದೆ, ಸಿಕ್ಕಿದ್ದನ್ನು ಕಾಲಲ್ಲಿ ಹಿಡಿದು ಹಾರುತ್ತಲೇ ಹೇಗೆ ತಿನ್ನುತ್ತದೆ. ಬಾಲ ಕವಲಾಗಿದ್ದರೆ ಹದ್ದು, ಬಾಲ ದುಂಡಗಿದ್ದು ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಇದ್ದರೆ ಗರುಡ. ಮಾಂಸ ಎಸೆದು ಕರೆಯಬೇಡಿ, ಮಕ್ಕಳ ಕೈಯಲ್ಲಿರುವ ತಿಂಡಿಗೂ ಎರಗುವ ಅಭ್ಯಾಸ ಆಗುತ್ತದೆ. ಜನವರಿಯಿಂದ ಬೇಸಿಗೆವರೆಗೆ ಗೂಡಿರುವ ಮರದಡಿ ಮಕ್ಕಳನ್ನು ನಿಲ್ಲಿಸಬೇಡಿ, ತಾಯಿ ಹದ್ದು ತಲೆಗೆ ಒದೆಯುತ್ತದೆ.

ಹಳೆ ಬೆಡ್‌ಶೀಟ್‌ನಲ್ಲಿ ರೆಕ್ಕೆ ಬಿಚ್ಚಿದ ಹದ್ದಿನ ಆಕಾರ ಕತ್ತರಿಸಿ ಗೋಡೆಗೆ ಅಂಟಿಸಿ, ತುದಿಯಿಂದ ತುದಿಗೆ ಸುಮಾರು ಒಂದೂವರೆ ಮೀಟರ್. ಪಕ್ಕದಲ್ಲಿ ಬಾಲ್ಡ್ ಈಗಲ್‌ಗೆ ಎರಡು ಮೀಟರ್. ಮಕ್ಕಳು ಮುಂದೆ ನಿಂತು ಕೈಚಾಚಿ ಅಳೆಯಲಿ. ಆಮೇಲೆ ಹದ್ದಿನ ತೂಕ ಎಷ್ಟು ಅಂತ ಕೇಳಿ. ಐದು ಕೆಜಿ ಅನ್ನುವವರೇ ಜಾಸ್ತಿ. ಮುಕ್ಕಾಲು ಕೆಜಿ ಅಕ್ಕಿಯ ಚೀಲ ಕೈಗೆ ಕೊಡಿ, ಇಷ್ಟೇ ಅಂದರೆ ನಂಬುವುದಿಲ್ಲ. ಅಲ್ಲಿಂದ ಟೊಳ್ಳು ಮೂಳೆ, ಗರಿಯ ಪಾಠ ತಾನಾಗಿ ಬರುತ್ತದೆ. ಗರಿ ಸಂಗ್ರಹಿಸಿ ಅಂತ ಮಾತ್ರ ಹೇಳಬೇಡಿ, ಅದಕ್ಕೂ ಕಾನೂನಿನ ತೊಡಕಿದೆ.

ಗೂಬೆ ಬೇಡ ಅಂದಿದ್ದಾರಲ್ಲ ಹೆಡ್‌ಮಾಸ್ಟರ್, ಗೂಬೆಯಿಲ್ಲದೆ ಗೂಬೆಯ ಪಾಠ ಮಾಡಿ. ಹಳೆ ಗೋದಾಮು, ಪಾಳು ಕಟ್ಟಡಗಳಲ್ಲಿ ಕಣಜ ಗೂಬೆ ಇದ್ದರೆ ಅದು ಕೂರುವ ಜಾಗದ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಯನ್ನು ಬಾಯಿಂದ ಉಗುಳಿದ್ದು. ಗ್ಲೌಸ್, ಮಾಸ್ಕ್ ಹಾಕಿ ಹಗಲಲ್ಲಿ ಸದ್ದಿಲ್ಲದೆ ಎತ್ತಿಕೊಳ್ಳಿ. ಅಲ್ಯೂಮಿನಿಯಂ ಹಾಳೆ ಸುತ್ತಿ ಓವನ್‌ನಲ್ಲಿ 160 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಸೋಂಕಿನ ಭಯ ಹೋಗುತ್ತದೆ. ಆಮೇಲೆ ಕಡ್ಡಿಯಿಂದ ಬಿಡಿಸಿದರೆ ಇಲಿಯ ಇಡೀ ತಲೆಬುರುಡೆ, ಕಿತ್ತಳೆ ಬಣ್ಣದ ಹಲ್ಲು ಸಮೇತ ಸಿಗುತ್ತದೆ. ಆಸ್ತಮಾ ಇರುವ ಮಕ್ಕಳನ್ನು ದೂರ ಕೂರಿಸಿ. ಪೋಷಕರಲ್ಲಿ ರೈತರೇ ಜಾಸ್ತಿ ಇರುತ್ತಾರೆ. ಒಂದು ಗೂಬೆ ಕುಟುಂಬ ಬಿಟ್ಟ ಉಂಡೆಗಳಲ್ಲಿ ಎಷ್ಟು ಇಲಿ ಬುರುಡೆ ಇದ್ದವು ಅಂತ ಮಕ್ಕಳೇ ಎಣಿಸಿ ಪಟ್ಟಿ ಹಾಕಲಿ, ಊರಿನ ಕೇಡಿಗೆಲ್ಲ ಗೂಬೆಯನ್ನು ಹೊಣೆ ಮಾಡುವುದು ಸ್ವಲ್ಪ ಕಡಿಮೆಯಾದೀತು. ಇಲಿ ಪಾಷಾಣ ತಿಂದ ಇಲಿಯನ್ನು ನುಂಗಿ ಗೂಬೆಯೂ ಸಾಯುತ್ತದೆ ಅನ್ನುವುದನ್ನು ಆಗಲೇ ಹೇಳಿಬಿಡಿ.

ಪುನರ್ವಸತಿ ಕೇಂದ್ರದವರನ್ನು ಹಕ್ಕಿ ಇಲ್ಲದೆಯೇ ಕರೆಸಬಹುದು. ಗಾಳಿಪಟದ ಮಾಂಜಾ ದಾರ ರೆಕ್ಕೆಯನ್ನು ಮೂಳೆವರೆಗೆ ಕೊಯ್ದಿರುವ ಒಂದು ಎಕ್ಸ್‌ರೇ ತೋರಿಸಿದರೆ ಆ ತರಗತಿಯಲ್ಲಿ ಮತ್ತೆ ಮಾಂಜಾ ಕೊಳ್ಳುವವರು ಕಡಿಮೆ. ನೈಲಾನ್ ಮಾಂಜಾಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧ ಹೇರಿದೆ, ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಹಕ್ಕಿಯನ್ನು ಹತ್ತಿರದಿಂದ ನೋಡಲೇಬೇಕು ಅಂದರೆ ಮೈಸೂರು ಮೃಗಾಲಯ, ಬನ್ನೇರುಘಟ್ಟ ಇವೆ. ಕಾನೂನಿನ ತೊಂದರೆ ಇಲ್ಲ, ಆದರೆ ರಜೆ ದಿನದ ಗದ್ದಲದಲ್ಲಿ ಹಕ್ಕಿಯೂ ಕಾಣುವುದಿಲ್ಲ ಪಾಠವೂ ಆಗುವುದಿಲ್ಲ, ವಾರದ ದಿನ ಬೆಳಿಗ್ಗೆ ಹೋಗಿ. ರಣಹದ್ದಿಗೆ ರಾಮನಗರದ ರಾಮದೇವರ ಬೆಟ್ಟ, 2012ರಲ್ಲಿ ರಣಹದ್ದುಗಳಿಗಾಗಿಯೇ ಘೋಷಿಸಿದ ಅಭಯಧಾಮ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ರಣಹದ್ದುಗಳು ಹೇಗೆ ಸತ್ತವು, 2006ರಲ್ಲಿ ಅದನ್ನು ದನಗಳಿಗೆ ಕೊಡದಂತೆ ಯಾಕೆ ನಿಷೇಧಿಸಿದರು ಅನ್ನುವುದನ್ನು ಆ ಬೆಟ್ಟದ ಕೆಳಗೆ ನಿಂತು ಹೇಳಬಹುದು. ಹಕ್ಕಿ ಕಾಣುತ್ತದೆ ಅಂತ ಮಾತ್ರ ಮಕ್ಕಳಿಗೆ ಭರವಸೆ ಕೊಡಬೇಡಿ, ಉಳಿದಿರುವುದು ಬಹಳ ಕಡಿಮೆ.

ನಿಮ್ಮ ಜಿಲ್ಲೆಯಲ್ಲೇ ಇನ್ನೊಂದು ಜಾಗ ಇದೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು. ಚಳಿಗಾಲದಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಹ್ಯಾರಿಯರ್ ಎಂಬ ವಲಸೆ ಗಿಡುಗಗಳು ಬರುತ್ತವೆ, ಹುಲ್ಲಿನ ತುದಿಗೆ ತಾಗುವ ಹಾಗೆ ತಗ್ಗಿನಲ್ಲಿ ಹಾರಿ ಮಿಡತೆ, ಇಲಿ ಹುಡುಕುತ್ತವೆ. ನನ್ನ ಸಲಹೆ ಇಷ್ಟು. ಅಕ್ಟೋಬರ್‌ನಲ್ಲಿ ಬೆಡ್‌ಶೀಟು, ಗೂಬೆ ಉಂಡೆ, ಅಂಗಳದ ಹದ್ದು. ಹ್ಯಾರಿಯರ್‌ಗೆ ಅಕ್ಟೋಬರ್ ಬೇಗ ಆಯಿತು, ಅದನ್ನು ಜನವರಿಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಮೂರರ ಮೇಲೆ ತಲುಪುವಂತೆ ಹೊರಡಿ, ಐದಾರು ಮಕ್ಕಳಿಗೆ ಒಂದಾದರೂ ದುರ್ಬೀನು ಬೇಕು, ಹುಲ್ಲಿನೊಳಗೆ ಇಳಿಯದೆ ದಾರಿಯಿಂದಲೇ ನೋಡಬೇಕು. ವಲಯ ಅರಣ್ಯಾಧಿಕಾರಿಗೆ ಅನುಮತಿ ಪತ್ರವನ್ನು ಡಿಸೆಂಬರ್ ಮೊದಲ ವಾರವೇ ಕೊಟ್ಟುಬಿಡಿ, ಕ್ರಿಸ್‌ಮಸ್ ರಜೆಯಲ್ಲಿ ಸಿಕ್ಕಿಕೊಂಡರೆ ಜನವರಿ ಕಳೆದುಹೋಗುತ್ತದೆ.